ಯಾರ ಪೈಕಿ? – ಅಭಿಪ್ರಾಯ ಸಮೀಕ್ಷೆಯ ಕೋಷ್ಟಕದಿಂದ ಷರತ್ತುಬದ್ಧ ಸಂಭವನೀಯತೆ ಮತ್ತು ಸ್ವತಂತ್ರ ಘಟನೆಗಳ ಬೋಧನೆ

ಪೀಠಿಕೆ

ದ್ವಿತೀಯ ಪಿಯುಸಿ ಗಣಿತ ಪಠ್ಯದ 13ನೇ ಅಧ್ಯಾಯ ಸಂಭವನೀಯತೆ. ಅಲ್ಲಿನ ಬಹುಪಾಲು ಲೆಕ್ಕಗಳು ದಾಳ, ನಾಣ್ಯ, ಇಸ್ಪೀಟು ಎಲೆ, ಚೀಲದೊಳಗಿನ ಕೆಂಪು-ಕಪ್ಪು ಚೆಂಡುಗಳ ಮೇಲೆ ನಿಂತಿವೆ. ಸೂತ್ರ ಕಲಿಯುವುದಕ್ಕೆ ಅವು ಸಾಕು. ಆದರೆ ಸೂತ್ರ ಬಂದ ವಿದ್ಯಾರ್ಥಿಯ ಮುಂದೆ ದಿನಪತ್ರಿಕೆಯ ಒಂದು ವಾಕ್ಯವನ್ನು ಇಟ್ಟು, "ಇದರಲ್ಲಿ ಷರತ್ತು ಯಾವುದು?" ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಲೆಕ್ಕದಲ್ಲಿ 'ದತ್ತ' ಎಂದು ಬರೆದಿರುತ್ತದೆ. ಪತ್ರಿಕೆಯಲ್ಲಿ ಯಾರೂ ಹಾಗೆ ಬರೆದುಕೊಡುವುದಿಲ್ಲ.

ಬೋಧನಾಭ್ಯಾಸದ ಅವಧಿಯಲ್ಲಿ ಈ ಅಧ್ಯಾಯದ ಮೊದಲ ಭಾಗವನ್ನು ನಾಲ್ಕು ಅವಧಿಗಳಲ್ಲಿ ಅಭಿಪ್ರಾಯ ಸಮೀಕ್ಷೆಯ ಕೋಷ್ಟಕದ ಮೂಲಕ ಬೋಧಿಸಿದೆ. ಇಡೀ ಪಾಠ ನಿಂತದ್ದು ಒಂದೇ ಪ್ರಶ್ನೆಯ ಮೇಲೆ: ಯಾರ ಪೈಕಿ? ಶೇಕಡಾವಾರು ಎಲ್ಲಿ ಕಂಡರೂ ಈ ಪ್ರಶ್ನೆ ಕೇಳುವ ಅಭ್ಯಾಸವಾದರೆ ಷರತ್ತುಬದ್ಧ ಸಂಭವನೀಯತೆಯ ಮುಕ್ಕಾಲು ಪಾಲು ಬಂದಂತೆ. ಮುಂದೆ ಇದೇ ಪಾಠ ಮಾಡಲಿರುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಉಪಯೋಗವಾಗಲೆಂದು ಪಾಠದ ಹಂತಗಳನ್ನು ಇಲ್ಲಿ ವಿವರಿಸಿದ್ದೇನೆ.

ಸಂಕೇತದ ಬಗ್ಗೆ ಒಂದು ಮಾತು. ಪಠ್ಯದಲ್ಲಿ 'ಪಿ' ಅಕ್ಷರದಿಂದ ಸೂಚಿಸುವ ಸಂಭವನೀಯತೆಯನ್ನು ಈ ಲೇಖನದಲ್ಲಿ 'ಸಂ' ಎಂದು ಬರೆದಿದ್ದೇನೆ. ಸಂ(ಅ | ಆ) ಎಂದರೆ, ಆ ಘಟನೆ ನಡೆದಿದೆ ಎಂದು ಗೊತ್ತಿರುವಾಗ ಅ ಘಟನೆಯ ಸಂಭವನೀಯತೆ.

ಸಂದರ್ಭದ ಆಯ್ಕೆ

ತರಗತಿಯ ಮಕ್ಕಳು ಕಡೇಚೂರು ಮತ್ತು ಸುತ್ತಲಿನ ಹಳ್ಳಿಗಳವರು. ಹತ್ತಿ, ತೊಗರಿ, ಭತ್ತ ಬೆಳೆಯುತ್ತಿದ್ದ ಇಲ್ಲಿನ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಸ್ವಾಧೀನಪಡಿಸಿಕೊಂಡು ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶವನ್ನು ಮಾಡಿದೆ. ರೈಲ್ವೆಯ ಬೋಗಿ ಕಾರ್ಖಾನೆ ಇಲ್ಲಿದೆ. ಔಷಧ ಮತ್ತು ರಾಸಾಯನಿಕ ಘಟಕಗಳೂ ಇವೆ. ಕೆಲಸ ಸಿಕ್ಕಿತೆನ್ನುವವರು ಇದ್ದಾರೆ. ರಾತ್ರಿಯ ದುರ್ವಾಸನೆ, ಗಾಳಿ ಮತ್ತು ನೀರಿನ ಬಗ್ಗೆ ದೂರುವವರೂ ಇದ್ದಾರೆ. "ಕಾರ್ಖಾನೆಗಳಿಂದ ನಮ್ಮ ಊರಿಗೆ ಒಟ್ಟಾರೆ ಒಳಿತಾಗಿದೆಯೇ?" ಎಂಬ ಪ್ರಶ್ನೆಗೆ ಇಲ್ಲಿ ಅಭಿಪ್ರಾಯವಿಲ್ಲದ ಮನೆ ಸಿಗುವುದು ಕಷ್ಟ. ಆದ್ದರಿಂದ ಸಮೀಕ್ಷೆಯ ಪಾಠಕ್ಕೆ ಇದೇ ಪ್ರಶ್ನೆಯನ್ನು ಆರಿಸಿಕೊಂಡೆ.

ಆದರೆ ತರಗತಿಯಲ್ಲೇ ಕೈ ಎತ್ತಿಸಿ ಅಭಿಪ್ರಾಯ ಎಣಿಸುವ ವಿಧಾನವನ್ನು ಉದ್ದೇಶಪೂರ್ವಕವಾಗಿ ಬಿಟ್ಟೆ. ಕಾರ್ಖಾನೆಯ ಸಂಬಳದಿಂದ ಒಲೆ ಉರಿಯುವ ಮನೆಯ ಮಗು ಮತ್ತು ಹೊಲ ಕಳೆದುಕೊಂಡ ಮನೆಯ ಮಗು ಒಂದೇ ಬೆಂಚಿನಲ್ಲಿ ಕೂತಿರುತ್ತವೆ. ಎಲ್ಲರ ಎದುರು ಕೈ ಎತ್ತುವುದು ಮನೆಯ ಕಥೆ ಹೇಳಿದಂತೆ. ಹಾಗಾಗಿ ಕೆಳಗಿನ ಕೋಷ್ಟಕಗಳ ಅಂಕಿಗಳೆಲ್ಲ ಅಭ್ಯಾಸಕ್ಕಾಗಿ ಕಟ್ಟಿಕೊಂಡವು. ಯಾವ ಸಮೀಕ್ಷೆಯಿಂದಲೂ ಬಂದವಲ್ಲ. ಇದನ್ನು ಕಪ್ಪುಹಲಗೆಯ ಮೇಲೆ ಬರೆದೇ ಪಾಠ ಆರಂಭಿಸಬೇಕು. ಊರಿನ ಹೆಸರು ಇರುವ ಕೋಷ್ಟಕವನ್ನು ಮಕ್ಕಳು ಮನೆಗೆ ಹೋಗಿ ಸುದ್ದಿಯಂತೆ ಹೇಳಿಬಿಡುವ ಸಂಭವವಿದೆ.

ಮೊದಲ ಕೋಷ್ಟಕ: ಕೆಲಸದ ಮನೆ ಮತ್ತು ಅಭಿಪ್ರಾಯ

200 ವಯಸ್ಕರನ್ನು ಕೇಳಲಾಯಿತು ಎಂದು ಇಟ್ಟುಕೊಳ್ಳೋಣ. ಮನೆಯಲ್ಲಿ ಯಾರಾದರೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೆ ಅದನ್ನು 'ಕೆಲಸದ ಮನೆ' ಎಂದು ಕರೆಯೋಣ.

| | ಒಳಿತಾಗಿದೆ | ಒಳಿತಾಗಿಲ್ಲ | ಒಟ್ಟು |
|---|---|---|---|
| ಕೆಲಸದ ಮನೆ | 48 | 32 | 80 |
| ಇತರ ಮನೆ | 42 | 78 | 120 |
| ಒಟ್ಟು | 90 | 110 | 200 |

'ಒಳಿತಾಗಿದೆ' ಎಂದು ಹೇಳುವ ಘಟನೆಯನ್ನು ಒ ಎಂದೂ, ಕೆಲಸದ ಮನೆಯವರಾಗಿರುವ ಘಟನೆಯನ್ನು ಕೆ ಎಂದೂ ಕರೆಯೋಣ. ಸೂತ್ರ ಕೊಡುವ ಮೊದಲು ಎಡಮೇಲಿನ ಚೌಕದ 48ನ್ನು ಮಾತ್ರ ತೋರಿಸಿ ಮೂರು ವಾಕ್ಯ ಬರೆದೆ.

1. ಕೇಳಿದ ಎಲ್ಲರ ಪೈಕಿ, ಕೆಲಸದ ಮನೆಯವರೂ ಆಗಿದ್ದು ಒಳಿತಾಗಿದೆ ಎಂದವರು: 48/200, ಅಂದರೆ ಶೇ 24.
2. ಕೆಲಸದ ಮನೆಯವರ ಪೈಕಿ ಒಳಿತಾಗಿದೆ ಎಂದವರು: 48/80, ಅಂದರೆ ಶೇ 60.
3. ಒಳಿತಾಗಿದೆ ಎಂದವರ ಪೈಕಿ ಕೆಲಸದ ಮನೆಯವರು: 48/90, ಅಂದರೆ ಸುಮಾರು ಶೇ 53.

ಮೇಲಿನ ಸಂಖ್ಯೆ ಮೂರರಲ್ಲೂ 48. ಕೆಳಗಿನ ಸಂಖ್ಯೆ ಬದಲಾದಂತೆ ಅರ್ಥ ಬದಲಾಗುತ್ತದೆ. ಮೊದಲನೆಯದು ಎರಡು ಘಟನೆಗಳು ಜೊತೆಯಾಗಿ ನಡೆಯುವ ಸಂಭವನೀಯತೆ, ಸಂ(ಒ ∩ ಕೆ). ಎರಡನೆಯದು ಸಂ(ಒ | ಕೆ). ಮೂರನೆಯದು ಸಂ(ಕೆ | ಒ). ಇಷ್ಟಾದ ಮೇಲೆ ಸೂತ್ರ ತಾನಾಗಿಯೇ ಬರುತ್ತದೆ. 48/80ರ ಅಂಶ ಮತ್ತು ಛೇದ ಎರಡನ್ನೂ 200ರಿಂದ ಭಾಗಿಸಿದರೆ,

ಸಂ(ಒ | ಕೆ) = ಸಂ(ಒ ∩ ಕೆ) ÷ ಸಂ(ಕೆ) = 0.24 ÷ 0.40 = 0.60

ಷರತ್ತು ಹಾಕುವುದು ಎಂದರೆ ಫಲಿತಗಣವನ್ನು ಕಿರಿದು ಮಾಡುವುದು. ಇದನ್ನು ತೋರಿಸಲು ಒಂದು ಹಾಳೆಯಿಂದ ಕೋಷ್ಟಕದ ಎರಡನೇ ಸಾಲನ್ನು ಮುಚ್ಚಿದೆ. ಉಳಿದದ್ದು ಕೆಲಸದ ಮನೆಯ ಸಾಲು ಮಾತ್ರ; ಈಗ ನಮ್ಮ ಜಗತ್ತಿನಲ್ಲಿ 80 ಜನರಷ್ಟೇ ಇದ್ದಾರೆ. ಅದೇ ಹಾಳೆಯಿಂದ 'ಒಳಿತಾಗಿಲ್ಲ' ಎಂಬ ಕಂಬವನ್ನು ಮುಚ್ಚಿದರೆ 90 ಜನರ ಜಗತ್ತು. ಯಾವುದನ್ನು ಮುಚ್ಚಬೇಕು ಎಂದು ವಿದ್ಯಾರ್ಥಿಯೇ ಬಂದು ಮುಚ್ಚಿ ತೋರಿಸಿದಾಗ 'ದತ್ತ' ಎಂಬ ಪದ ಅರ್ಥವಾಗುತ್ತದೆ. ಈ ಹಾಳೆಗಿಂತ ಅಗ್ಗದ, ಉಪಯುಕ್ತ ಬೋಧನೋಪಕರಣ ನನಗೆ ಬೇರೆ ಸಿಗಲಿಲ್ಲ.

ಹೊರಳಿಸಿದ ಷರತ್ತು

ಎರಡನೇ ಮತ್ತು ಮೂರನೇ ವಾಕ್ಯಗಳನ್ನು ನೋಡಿ ಹಿಂದಿನ ಬೆಂಚಿನಿಂದ ಬಂದ ಮಾತು: "ಎರಡೂ ಒಂದಽ ಅಲ್ರೀ?" ಈ ಪ್ರಶ್ನೆ ಬರಲೇಬೇಕು; ಬರದಿದ್ದರೆ ಶಿಕ್ಷಕರೇ ಎತ್ತಬೇಕು. ಶೇ 60 ಮತ್ತು ಶೇ 53 ಹತ್ತಿರವಿರುವುದರಿಂದ ವ್ಯತ್ಯಾಸ ಕಣ್ಣಿಗೆ ಹೊಡೆಯುವುದಿಲ್ಲ. ಆಗ 'ಒಳಿತಾಗಿಲ್ಲ' ಕಂಬಕ್ಕೆ ಬರಬೇಕು.

ಒಳಿತಾಗಿಲ್ಲ ಎಂದ 110 ಜನರ ಪೈಕಿ ಕೆಲಸದ ಮನೆಯವರು 32, ಅಂದರೆ ಶೇ 29. ಕೆಲಸದ ಮನೆಯ 80 ಜನರ ಪೈಕಿ ಒಳಿತಾಗಿಲ್ಲ ಎಂದವರು ಅದೇ 32, ಅಂದರೆ ಶೇ 40. ಈಗ ಇಬ್ಬರು ವರದಿ ಬರೆಯುತ್ತಾರೆ ಎಂದುಕೊಳ್ಳಿ. ಒಬ್ಬರು, "ಅಸಮಾಧಾನ ಹೇಳಿದವರಲ್ಲಿ ಬಹುಪಾಲು ಜನ ಕಾರ್ಖಾನೆಯಲ್ಲಿ ಕೆಲಸ ಇಲ್ಲದ ಮನೆಯವರು" ಎನ್ನುತ್ತಾರೆ. ಇನ್ನೊಬ್ಬರು, "ಕಾರ್ಖಾನೆಯ ಸಂಬಳ ಪಡೆಯುವ ಮನೆಗಳಲ್ಲೂ ಹತ್ತಕ್ಕೆ ನಾಲ್ಕು ಜನ ಅಸಮಾಧಾನ ಹೇಳಿದ್ದಾರೆ" ಎನ್ನುತ್ತಾರೆ. ಎರಡೂ ನಿಜ. ಮೊದಲನೆಯದನ್ನು ಓದಿದವರು ಕೆಲಸ ಸಿಗದವರ ಸಿಟ್ಟು ಎಂದುಕೊಂಡು ಸುಮ್ಮನಾಗುತ್ತಾರೆ. ಎರಡನೆಯದನ್ನು ಓದಿದವರು ಅದರಾಚೆಗೂ ಏನೋ ಇದೆ ಎಂದು ಯೋಚಿಸುತ್ತಾರೆ. ತಮ್ಮ ಊರಿನ ಬಗ್ಗೆ ಬರುವ ವರದಿಯನ್ನು ಓದಬೇಕಾದ ಮಕ್ಕಳಿಗೆ ಈ ವ್ಯತ್ಯಾಸ ಪರೀಕ್ಷೆಯ ಐದು ಅಂಕಕ್ಕಿಂತ ದೊಡ್ಡದು.

ಕನ್ನಡದಲ್ಲಿ ನಮಗೊಂದು ಅನುಕೂಲವೂ ಇದೆ. 'ಪೈಕಿ', 'ಅವರಲ್ಲಿ' ಎಂಬ ಪದ ಯಾವುದರ ಹಿಂದೆ ನಿಲ್ಲುತ್ತದೋ ಅದೇ ಛೇದ. "ಕೆಲಸದ ಮನೆಯವರಲ್ಲಿ…" ಎಂದು ವಾಕ್ಯ ಶುರುವಾದರೆ ಛೇದ 80. ಸಂಕೇತದಲ್ಲಿ ನಿಂತಗೆರೆಯ ಬಲಕ್ಕೆ ಬರುವುದು ಕನ್ನಡ ವಾಕ್ಯದಲ್ಲಿ ಸಾಮಾನ್ಯವಾಗಿ ಮೊದಲೇ ಬರುತ್ತದೆ. ಸಂ(ಒ | ಕೆ) ಎಂಬುದನ್ನು ಬಲದಿಂದ ಎಡಕ್ಕೆ "ಕೆಲಸದ ಮನೆಯವರಲ್ಲಿ ಒಳಿತು ಎಂದವರು" ಎಂದು ಓದಿಸಿದ ಮೇಲೆ ಗೊಂದಲ ಬಹಳ ಕಡಿಮೆಯಾಯಿತು.

ಸ್ವತಂತ್ರ ಘಟನೆಗಳು: ಅಂಚು ಒಂದೇ, ಒಳಗು ಬೇರೆ

ಸ್ವತಂತ್ರ ಘಟನೆಗಳಿಗೆ ಗುಣಾಕಾರದ ಸೂತ್ರವಿದೆ. ಅದಕ್ಕೂ ಮೊದಲು ಮಾತಿನ ಅರ್ಥ ಬೇಕು: ಒಂದು ಸಂಗತಿ ತಿಳಿದ ಮೇಲೂ ಇನ್ನೊಂದರ ಬಗ್ಗೆ ನಮ್ಮ ಅಂದಾಜು ಬದಲಾಗದಿದ್ದರೆ ಅವೆರಡೂ ಸ್ವತಂತ್ರ.

ಮೊದಲ ಕೋಷ್ಟಕದಲ್ಲಿ ಯಾರನ್ನೋ ಒಬ್ಬರನ್ನು ಯಾದೃಚ್ಛಿಕವಾಗಿ ಆರಿಸಿದರೆ ಅವರು 'ಒಳಿತಾಗಿದೆ' ಎಂದಿರುವ ಸಂಭವನೀಯತೆ 90/200 = 0.45. ಅವರು ಕೆಲಸದ ಮನೆಯವರು ಎಂದು ತಿಳಿದರೆ ಅದು 0.60ಕ್ಕೆ ಏರುತ್ತದೆ; ಇತರ ಮನೆಯವರು ಎಂದು ತಿಳಿದರೆ 42/120 = 0.35ಕ್ಕೆ ಇಳಿಯುತ್ತದೆ. ಅಂದಾಜು ಬದಲಾಯಿತು, ಆದ್ದರಿಂದ ಒ ಮತ್ತು ಕೆ ಸ್ವತಂತ್ರವಲ್ಲ. ಇನ್ನೊಂದು ದಿಕ್ಕಿನಿಂದಲೂ ನೋಡಬಹುದು. ಸಂ(ಕೆ) = 0.40; ಸಂ(ಕೆ | ಒ) ಸುಮಾರು 0.53. ಒಂದು ದಿಕ್ಕಿನಿಂದ ಸ್ವತಂತ್ರವಲ್ಲದಿದ್ದರೆ ಇನ್ನೊಂದು ದಿಕ್ಕಿನಿಂದಲೂ ಅಲ್ಲ.

ಈಗ ಅದೇ 200 ಜನರನ್ನು ಮಹಿಳೆ-ಪುರುಷ ಎಂದು ವಿಂಗಡಿಸಿದ ಎರಡನೇ ಕೋಷ್ಟಕ.

| | ಒಳಿತಾಗಿದೆ | ಒಳಿತಾಗಿಲ್ಲ | ಒಟ್ಟು |
|---|---|---|---|
| ಮಹಿಳೆಯರು | 36 | 44 | 80 |
| ಪುರುಷರು | 54 | 66 | 120 |
| ಒಟ್ಟು | 90 | 110 | 200 |

ಮಹಿಳೆಯರಲ್ಲಿ 36/80 = 0.45. ಪುರುಷರಲ್ಲಿ 54/120 = 0.45. ಒಟ್ಟಾರೆಯೂ 0.45. ಉತ್ತರಿಸಿದವರು ಮಹಿಳೆಯೋ ಪುರುಷರೋ ಎಂದು ತಿಳಿದರೂ ನಮ್ಮ ಅಂದಾಜು ಕದಲುವುದಿಲ್ಲ. ಗುಣಾಕಾರದ ಪರೀಕ್ಷೆಯೂ ಹೊಂದುತ್ತದೆ: 0.40 × 0.45 = 0.18; ಕೋಷ್ಟಕದಲ್ಲಿ 36/200 = 0.18.

ಎರಡೂ ಕೋಷ್ಟಕಗಳನ್ನು ಪಕ್ಕಪಕ್ಕದಲ್ಲಿ ಬರೆಯಬೇಕು. ಅಂಚಿನ ಮೊತ್ತಗಳು ಎರಡರಲ್ಲೂ ಒಂದೇ: 80, 120, 90, 110. ಒಳಗಿನ ನಾಲ್ಕು ಚೌಕಗಳು ಮಾತ್ರ ಬೇರೆ. "ಕೆಲಸದ ಮನೆಯವರು ಶೇ 40, ಒಳಿತಾಗಿದೆ ಎಂದವರು ಶೇ 45" ಎಂದು ಬಿಡಿಬಿಡಿಯಾಗಿ ಹೇಳಿದರೆ ಇವೆರಡರ ಸಂಬಂಧದ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ವರದಿಗಳು ಸಾಮಾನ್ಯವಾಗಿ ಅಂಚಿನ ಮೊತ್ತಗಳನ್ನೇ ಕೊಡುತ್ತವೆ. ಸಂಬಂಧ ಇರುವುದು ಒಳಗಿನ ಚೌಕಗಳಲ್ಲಿ.

ಸ್ವತಂತ್ರವಾಗಿದ್ದರೆ ಒಂದು ಚೌಕದಲ್ಲಿ ಎಷ್ಟಿರಬೇಕಿತ್ತು ಎಂಬುದಕ್ಕೆ ಸುಲಭ ಲೆಕ್ಕವಿದೆ: ಸಾಲಿನ ಮೊತ್ತ × ಕಂಬದ ಮೊತ್ತ ÷ ಒಟ್ಟು. ಇಲ್ಲಿ 80 × 90 ÷ 200 = 36. ಮೊದಲ ಕೋಷ್ಟಕದಲ್ಲಿ ಅದೇ ಚೌಕದಲ್ಲಿ ಇರುವುದು 48, ಅಂದರೆ 12 ಹೆಚ್ಚು.

37 ಬಂದರೆ ಏನು? – ಹುಣಸೆ ಬೀಜದ ಪ್ರಯೋಗ

ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ. 36ರ ಬದಲು 37 ಇದ್ದರೆ ಘಟನೆಗಳು ಸ್ವತಂತ್ರವಲ್ಲ ಎನ್ನಬೇಕೇ? ಪಠ್ಯದ ವ್ಯಾಖ್ಯೆಯಂತೆ ಆ 200 ಜನರ ಮಟ್ಟಿಗೆ ಹೌದು. ಸಮ ಎಂದರೆ ಸಮ. ಆದರೆ ಸಮೀಕ್ಷೆ ಊರಿನ ಎಲ್ಲರನ್ನೂ ಕೇಳುವುದಿಲ್ಲ. ಕೆಲವರನ್ನು ಆರಿಸಿ ಕೇಳುತ್ತದೆ. ಬೇರೆ 200 ಜನ ಸಿಕ್ಕಿದ್ದರೆ ಸಂಖ್ಯೆ ಸ್ವಲ್ಪ ಆಚೀಚೆ ಆಗುತ್ತಿತ್ತು. ಆರಿಸುವಿಕೆಯಿಂದಲೇ ಬರುವ ಈ ಆಚೀಚೆ ಎಷ್ಟಿರಬಹುದು?

ಇದನ್ನು ಕೈಯಿಂದ ಮಾಡಿಸಬಹುದು. 200 ಹುಣಸೆ ಬೀಜ ತಂದು 90ಕ್ಕೆ ಸುಣ್ಣದ ಚುಕ್ಕೆ ಇಡಿಸಿ ಒಣಗಿಸಿ. ಚುಕ್ಕೆ ಇದ್ದದ್ದು 'ಒಳಿತಾಗಿದೆ'. ಎಲ್ಲವನ್ನೂ ಚೀಲಕ್ಕೆ ಹಾಕಿ ಚೆನ್ನಾಗಿ ಕಲಸಿ, ನೋಡದೆ 80 ಬೀಜ ತೆಗೆದು ಚುಕ್ಕೆಯವನ್ನು ಎಣಿಸಬೇಕು. ಇಲ್ಲಿ 'ಕೆಲಸದ ಮನೆ'ಗೂ ಚುಕ್ಕೆಗೂ ಯಾವ ಸಂಬಂಧವೂ ಇಲ್ಲ. ಅಂದರೆ ಇದು ಸಂಬಂಧವಿಲ್ಲದ ಜಗತ್ತು. ಎಣಿಕೆ 36ರ ಸುತ್ತಮುತ್ತ ಬೀಳುತ್ತದೆ. ಇದರ ಮಾನಕ ವಿಚಲನೆ ಸುಮಾರು 3.5 ಆಗಿರುವುದರಿಂದ ಬಹುಪಾಲು ಸಲ 29ರಿಂದ 43ರೊಳಗೆ ಸಿಗುತ್ತದೆ. 48 ಸಿಗುವುದು ತೀರ ಅಪರೂಪ. ಹಾಗಾದರೆ 37 ಎಂಬುದು ಬರೀ ಆಚೀಚೆ ಇರಬಹುದು. 48ನ್ನು ಹಾಗೆ ತಳ್ಳಿಹಾಕಲಾಗದು. ಬೀಜಗಳ ಗಾತ್ರ ಹೆಚ್ಚುಕಡಿಮೆ ಒಂದೇ ಇರಲಿ. ತೊಗರಿ ಮತ್ತು ಜೋಳ ಬೆರೆಸಿದರೆ ಬೆರಳಿಗೆ ವ್ಯತ್ಯಾಸ ತಿಳಿದುಬಿಡುತ್ತದೆ.

ಪದವಿಯಲ್ಲಿ ಇದೇ ವಿಚಾರ ಕೈ-ವರ್ಗ ಪರೀಕ್ಷೆಯ ರೂಪದಲ್ಲಿ ಬರುತ್ತದೆ. ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಆ ವಿಧಾನದಲ್ಲಿ ನಿಜವಾಗಿ ಇರುವ ಸಂಖ್ಯೆ ಮತ್ತು ಸ್ವತಂತ್ರವಾಗಿದ್ದರೆ ಇರಬೇಕಿದ್ದ ಸಂಖ್ಯೆಗಳ ಅಂತರವನ್ನು ವರ್ಗಮಾಡಿ, ಇರಬೇಕಿದ್ದ ಸಂಖ್ಯೆಯಿಂದ ಭಾಗಿಸಿ, ನಾಲ್ಕೂ ಚೌಕಗಳಿಗೆ ಕೂಡುತ್ತೇವೆ. ಮೊದಲ ಕೋಷ್ಟಕಕ್ಕೆ 144/36 + 144/44 + 144/54 + 144/66, ಅಂದರೆ ಸುಮಾರು 12.1. ಶೇ 5ರ ಮಟ್ಟದಲ್ಲಿ ಗಡಿ 3.84. ಪಿಯುಸಿ ತರಗತಿಗೆ ಇದು ಬೇಡ; ಪ್ರಶ್ನೆ ಬಂದರೆ ಉತ್ತರಿಸಲು ಶಿಕ್ಷಕರಿಗೆ ತಿಳಿದಿರಲಿ. ಮಕ್ಕಳಿಗೆ ಹುಣಸೆ ಬೀಜ ಸಾಕು.

ಮೂರನೆಯ ಕೋಷ್ಟಕ: ಸ್ವತಂತ್ರ ಎಂಬ ಮಾತಿನ ಮಿತಿ

ಎರಡನೇ ಕೋಷ್ಟಕ ನೋಡಿ "ಅಭಿಪ್ರಾಯಕ್ಕೂ ಹೆಣ್ಣು-ಗಂಡಿಗೂ ಸಂಬಂಧವಿಲ್ಲ" ಎಂದು ತರಗತಿ ತೀರ್ಮಾನಿಸಿತು. ಆ ಕೋಷ್ಟಕದ ಮಟ್ಟಿಗೆ ತೀರ್ಮಾನ ಸರಿ. ಈಗ ಅದೇ 200 ಜನರನ್ನು ಎರಡೂ ಲಕ್ಷಣಗಳಿಂದ ಏಕಕಾಲಕ್ಕೆ ವಿಂಗಡಿಸೋಣ.

| | ಕೇಳಿದವರು | ಒಳಿತಾಗಿದೆ ಎಂದವರು | ಶೇಕಡಾ |
|---|---|---|---|
| ಕೆಲಸದ ಮನೆಯ ಮಹಿಳೆಯರು | 40 | 16 | 40 |
| ಕೆಲಸದ ಮನೆಯ ಪುರುಷರು | 40 | 32 | 80 |
| ಇತರ ಮನೆಯ ಮಹಿಳೆಯರು | 40 | 20 | 50 |
| ಇತರ ಮನೆಯ ಪುರುಷರು | 80 | 22 | 27.5 |

ಮೊತ್ತಗಳನ್ನು ಮಕ್ಕಳೇ ಕೂಡಿ ತಾಳೆ ನೋಡಲಿ. ಮಹಿಳೆಯರು 16 + 20 = 36, ಪುರುಷರು 32 + 22 = 54; ಎರಡನೇ ಕೋಷ್ಟಕ. ಕೆಲಸದ ಮನೆಯವರು 16 + 32 = 48, ಇತರರು 20 + 22 = 42; ಮೊದಲ ಕೋಷ್ಟಕ. ಯಾವ ಅಂಕಿಯೂ ಬದಲಾಗಿಲ್ಲ. ಆದರೆ ಕೆಲಸದ ಮನೆಯೊಳಗೆ ಹೋದರೆ ಗಂಡಸರಲ್ಲಿ ಹತ್ತಕ್ಕೆ ಎಂಟು ಜನ ಒಳಿತು ಎನ್ನುತ್ತಿದ್ದಾರೆ, ಹೆಂಗಸರಲ್ಲಿ ಹತ್ತಕ್ಕೆ ನಾಲ್ಕೇ ಜನ. ಇತರ ಮನೆಗಳಲ್ಲಿ ವ್ಯತ್ಯಾಸ ತಿರುವುಮುರುವಾಗಿದೆ. ಎರಡು ಎದುರುಬದುರು ವ್ಯತ್ಯಾಸಗಳು ಕೂಡಿಸುವಾಗ ಒಂದನ್ನೊಂದು ಅಳಿಸಿಹಾಕಿ 0.45, 0.45 ಎಂಬ ಸಮ ಮುಖ ತೋರಿಸಿವೆ.

ಇದನ್ನು ಹೀಗೆ ಬರೆಯಬಹುದು. ಮಹಿಳೆಯಾಗಿರುವ ಘಟನೆ ಮ ಆದರೆ, ಸಂ(ಒ | ಮ) = ಸಂ(ಒ) = 0.45; ಆದರೆ ಸಂ(ಒ | ಮ ∩ ಕೆ) = 0.40, ಸಂ(ಒ | ಕೆ) = 0.60. ಷರತ್ತಿಲ್ಲದೆ ಸ್ವತಂತ್ರವಾಗಿದ್ದವು ಷರತ್ತಿನೊಳಗೆ ಸ್ವತಂತ್ರವಾಗಿ ಉಳಿಯಲಿಲ್ಲ. 'ಸ್ವತಂತ್ರ' ಎಂಬುದು ಎರಡು ಘಟನೆಗಳ ಹುಟ್ಟುಗುಣವೆಂದು ಮಕ್ಕಳು ಭಾವಿಸುತ್ತಾರೆ. ಯಾವ ಜನರ ನಡುವೆ, ಯಾವ ಷರತ್ತಿನಡಿ ಎಂದು ಹೇಳದೆ ಆ ಪದಕ್ಕೆ ಅರ್ಥವಿಲ್ಲ. ಇಲ್ಲೂ ಪ್ರಶ್ನೆ ಅದೇ: ಯಾರ ಪೈಕಿ?

ಏಕೆ ಹೀಗೆ ಎಂದು ಕೇಳಿದಾಗ ತರಗತಿಯಲ್ಲಿ ಉತ್ತರಗಳ ಸುರಿಮಳೆಯಾಯಿತು. ಹಗಲು ರಾತ್ರಿ ಮನೆಯಲ್ಲೇ ಇದ್ದು ವಾಸನೆ ಕುಡಿಯುವವರು ಹೆಂಗಸರು ಎಂದರು ಕೆಲವರು. ಹೊಲ ಹೋದ ಸಿಟ್ಟು ಗಂಡಸರಿಗೆ ಹೆಚ್ಚು ಎಂದರು ಇನ್ನು ಕೆಲವರು. ಇವೆಲ್ಲ ಕೇಳಬೇಕಾದ ಊಹೆಗಳೇ. ಆದರೆ ಕಟ್ಟಿಕೊಂಡ ಅಂಕಿಗಳಿಗೆ ಕಾರಣ ಹುಡುಕುತ್ತಿದ್ದೇವೆ ಎಂದು ನೆನಪಿಸಬೇಕಾಯಿತು. ಜೊತೆಗೆ, ನಿಜವಾದ ಕೋಷ್ಟಕವಾದರೂ ಅದು ಕಾರಣ ಹೇಳುವುದಿಲ್ಲ. ಕೆಲಸ ಸಿಕ್ಕಿದ್ದಕ್ಕೆ ಒಳಿತು ಎನ್ನುತ್ತಾರೋ, ಒಳಿತು ಎಂದುಕೊಂಡವರೇ ಕೆಲಸಕ್ಕೆ ಹೋದರೋ, ಕಾರ್ಖಾನೆಯಿಂದ ಮನೆ ಇರುವ ದೂರದಂಥ ಮೂರನೇ ಸಂಗತಿ ಎರಡನ್ನೂ ನಿರ್ಧರಿಸಿತೋ, 0.60 ಎಂಬ ಸಂಖ್ಯೆಯಿಂದ ತಿಳಿಯದು.

ಉತ್ತರಿಸಿದವರು ಯಾರು? – ಜನಗಣತಿಯ ಅಂಕಿಗಳೊಂದಿಗೆ

ಊರಿನಲ್ಲಿ ಮಹಿಳೆಯರು ಹೆಚ್ಚುಕಡಿಮೆ ಅರ್ಧದಷ್ಟಿರುವಾಗ ನಮ್ಮ 200ರಲ್ಲಿ ಅವರು 80 ಮಾತ್ರ ಏಕೆ? ಇದನ್ನು ಬೇಕೆಂದೇ ಹಾಗೆ ಇಟ್ಟಿದ್ದೆ. ಇಲ್ಲಿಂದ ಮುಂದೆ ಬರುವ ಅಂಕಿಗಳು ನಿಜವಾದವು.

2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ಪುರುಷರಲ್ಲಿ ಶೇ 62.25, ಮಹಿಳೆಯರಲ್ಲಿ ಶೇ 41.38. ಏಳು ವರ್ಷ ಮತ್ತು ಮೇಲ್ಪಟ್ಟವರ ಲೆಕ್ಕವಿದು. ಈ ಮೂರು ಸಂಖ್ಯೆಗಳೇ ಷರತ್ತುಬದ್ಧ ಸಂಭವನೀಯತೆಯ ಪಾಠ: ಷರತ್ತಿಲ್ಲದೆ 0.5183, 'ಪುರುಷ' ಎಂಬ ಷರತ್ತಿನಲ್ಲಿ 0.6225, 'ಮಹಿಳೆ' ಎಂಬ ಷರತ್ತಿನಲ್ಲಿ 0.4138. ಸಾಕ್ಷರತೆ ಮತ್ತು ಲಿಂಗ ಸ್ವತಂತ್ರವಲ್ಲ.

ಈಗ ಸಮೀಕ್ಷೆಯ ಪ್ರಶ್ನೆಗಳನ್ನು ಮುದ್ರಿಸಿ ಮನೆಮನೆಗೆ ಹಂಚಿ, ತುಂಬಿ ಕೊಡಿ ಎಂದೆವು ಎಂದುಕೊಳ್ಳಿ. ಓದು ಬರಹ ಬಲ್ಲವರು ಮಾತ್ರ ತುಂಬುತ್ತಾರೆ. 1000 ಪುರುಷರು, 1000 ಮಹಿಳೆಯರು ಇದ್ದರೆ ಸಾಕ್ಷರ ಪುರುಷರು ಸುಮಾರು 622, ಸಾಕ್ಷರ ಮಹಿಳೆಯರು ಸುಮಾರು 414. ಒಟ್ಟು 1036. ಸಾಕ್ಷರರ ಪೈಕಿ ಮಹಿಳೆಯರು 414/1036, ಅಂದರೆ ಶೇ 40. ಅರ್ಧದಷ್ಟಿದ್ದವರು ಐದರಲ್ಲಿ ಎರಡು ಪಾಲಿಗೆ ಇಳಿದರು. ಯಾರೂ ಯಾರನ್ನೂ ಹೊರಗಿಡಲಿಲ್ಲ; ಕಾಗದವೇ ಆರಿಸಿತು. ಅಧ್ಯಾಯದ ಮುಂದಿನ ಭಾಗದಲ್ಲಿ ಬರುವ ಬೇಯ್ಸ್ ಪ್ರಮೇಯ ಮಾಡುವುದು ಇದೇ ಕೆಲಸವನ್ನು: 'ಮಹಿಳೆಯರಲ್ಲಿ ಸಾಕ್ಷರರು' ಎಂಬುದರಿಂದ 'ಸಾಕ್ಷರರಲ್ಲಿ ಮಹಿಳೆಯರು' ಎಂಬುದಕ್ಕೆ ಹೊರಳುವುದು.

ಮಹಿಳೆಯರ ಉತ್ತರಗಳಿಗೆ ಹೆಚ್ಚು ತೂಕ ಕೊಟ್ಟು ಅನುಪಾತ ಸರಿಪಡಿಸಬಹುದಲ್ಲ ಎನ್ನಬಹುದು. ಸಂಖ್ಯೆ ಸರಿಯಾಗುತ್ತದೆ, ಆದರೆ ಉತ್ತರ ಕೊಟ್ಟವರೆಲ್ಲ ಓದು ಬಲ್ಲ ಮಹಿಳೆಯರೇ. ಓದು ಬಾರದ ಮಹಿಳೆಯರ ಅಭಿಪ್ರಾಯ ಆ ಕೋಷ್ಟಕದ ಯಾವ ಚೌಕದಲ್ಲೂ ಇಲ್ಲ. ಇಲ್ಲದ್ದನ್ನು ಗುಣಿಸಿ ತರಲಾಗದು. ಆದ್ದರಿಂದ ಇಲ್ಲಿ ಸಮೀಕ್ಷೆ ಮಾಡುವವರು ಪ್ರಶ್ನೆಯನ್ನು ಓದಿ ಹೇಳಿ ಉತ್ತರ ಬರೆದುಕೊಳ್ಳಬೇಕು. ಹೊತ್ತನ್ನೂ ನೋಡಬೇಕು. ಹತ್ತಿ ಬಿಡಿಸುವ ಕಾಲದಲ್ಲಿ ಮಧ್ಯಾಹ್ನ ಹೋದರೆ ಹೆಂಗಸರು ಮನೆಯಲ್ಲಿರುವುದಿಲ್ಲ. ಪಾಳಿಗೆ ಹೋದವರು ಇರುವುದಿಲ್ಲ. ಬೆಂಗಳೂರು, ಹೈದರಾಬಾದಿಗೆ ಗುಳೆ ಹೋದವರಂತೂ ಇರುವುದೇ ಇಲ್ಲ.

ಹೆಚ್ಚು ಜನರನ್ನು ಕೇಳಿದರೆ ಈ ದೋಷ ತೀರುತ್ತದೆಯೇ? 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ 'ಲಿಟರರಿ ಡೈಜೆಸ್ಟ್' ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಮತಪತ್ರಗಳನ್ನು ಅಂಚೆಯಲ್ಲಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಹೇಳಿತು. ಫ್ರಾಂಕ್ಲಿನ್ ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ವಿಳಾಸಗಳನ್ನು ಬಹುಮಟ್ಟಿಗೆ ದೂರವಾಣಿ ಮತ್ತು ಮೋಟಾರು ವಾಹನ ಹೊಂದಿದವರ ಪಟ್ಟಿಗಳಿಂದ ತೆಗೆದಿದ್ದರು. ಕಳಿಸಿದವರಲ್ಲೂ ಕಾಲುಭಾಗದಷ್ಟು ಜನ ಮಾತ್ರ ಉತ್ತರಿಸಿದ್ದರು. ಅವರು ಅಳೆದದ್ದು 'ಪಟ್ಟಿಯಲ್ಲಿದ್ದು ಉತ್ತರಿಸಿದವರಲ್ಲಿ' ಎಂಬ ಷರತ್ತುಬದ್ಧ ಸಂಭವನೀಯತೆಯನ್ನು. ಹೇಳಿದ್ದು ಇಡೀ ದೇಶದ ಬಗ್ಗೆ.

ತರಗತಿಯಲ್ಲಿ ಎದುರಾದ ಎರಡು ತೊಡಕು

*ಸ್ವತಂತ್ರ ಮತ್ತು ಪರಸ್ಪರ ವರ್ಜಕ.* ಎರಡಕ್ಕೂ 'ಸಂಬಂಧವಿಲ್ಲ' ಎಂಬ ಅರ್ಥ ಕೊಟ್ಟು ಮಕ್ಕಳು ಬೆರೆಸುತ್ತಾರೆ. 'ಒಳಿತಾಗಿದೆ' ಮತ್ತು 'ಒಳಿತಾಗಿಲ್ಲ' ಪರಸ್ಪರ ವರ್ಜಕ. ಒಬ್ಬರು ಮೊದಲನೆಯದನ್ನು ಹೇಳಿದ್ದಾರೆ ಎಂದು ತಿಳಿದರೆ ಎರಡನೆಯದರ ಸಂಭವನೀಯತೆ 0.55ರಿಂದ ಸೊನ್ನೆಗೆ ಬೀಳುತ್ತದೆ. ಇದಕ್ಕಿಂತ ಗಟ್ಟಿಯಾದ ಅವಲಂಬನೆ ಇಲ್ಲ. ಸಂಭವನೀಯತೆ ಸೊನ್ನೆಯಲ್ಲದ ಎರಡು ಪರಸ್ಪರ ವರ್ಜಕ ಘಟನೆಗಳು ಎಂದೂ ಸ್ವತಂತ್ರವಾಗಲಾರವು.

*'ಗೊತ್ತಿಲ್ಲ' ಎಂದವರು.* ನಿಜವಾದ ಸಮೀಕ್ಷೆಯಲ್ಲಿ ಇವರು ಇದ್ದೇ ಇರುತ್ತಾರೆ. ಇವರನ್ನು ಬಿಟ್ಟು ಲೆಕ್ಕ ಮಾಡಿದರೆ ಛೇದವೇ ಬದಲಾಗಿ, ಶೇಕಡಾವಾರು 'ಅಭಿಪ್ರಾಯ ಹೇಳಿದವರ ಪೈಕಿ' ಎಂದಾಗುತ್ತದೆ. ಬಿಡುವುದು ತಪ್ಪಲ್ಲ, ಬಿಟ್ಟದ್ದನ್ನು ಹೇಳಬೇಕು.

ಅವಧಿ ಹಂಚಿಕೆ ಮತ್ತು ಮೌಲ್ಯಮಾಪನ

ಮೊದಲ ಅವಧಿ: ಮೊದಲ ಕೋಷ್ಟಕ, ಹಾಳೆ ಮುಚ್ಚುವ ಚಟುವಟಿಕೆ, ಸೂತ್ರ. ಎರಡನೇ ಅವಧಿ: ಹೊರಳಿಸಿದ ಷರತ್ತು, ಸ್ವತಂತ್ರ ಘಟನೆಗಳು. ಮೂರನೇ ಅವಧಿ: ಹುಣಸೆ ಬೀಜ ಮತ್ತು ಮೂರನೇ ಕೋಷ್ಟಕ. ನಾಲ್ಕನೇ ಅವಧಿ: ಜನಗಣತಿಯ ಲೆಕ್ಕ ಮತ್ತು ಪಠ್ಯದ ಸಮಸ್ಯೆಗಳು. ದಾಳ, ಇಸ್ಪೀಟು ಎಲೆಗಳ ಲೆಕ್ಕಗಳನ್ನು ಕೈಬಿಡುವಂತಿಲ್ಲ, ಪರೀಕ್ಷೆಗೆ ಅವು ಬೇಕು. ಕೋಷ್ಟಕ ಬಂದ ಮೇಲೆ ಅವು ಬೇಗ ಮುಗಿಯುತ್ತವೆ.

ಮೌಲ್ಯಮಾಪನಕ್ಕೆ ಬಳಸಿದ ಪ್ರಶ್ನೆಗಳು:

1. ಮೊದಲ ಕೋಷ್ಟಕದಲ್ಲಿ ಒಳಿತಾಗಿಲ್ಲ ಎಂದವರ ಪೈಕಿ ಇತರ ಮನೆಯವರ ಪಾಲು ಎಷ್ಟು? ಇತರ ಮನೆಯವರ ಪೈಕಿ ಒಳಿತಾಗಿಲ್ಲ ಎಂದವರ ಪಾಲು ಎಷ್ಟು? (78/110, ಸುಮಾರು 0.71; 78/120 = 0.65)

2. 150 ಜನರಲ್ಲಿ 50 ಜನರಿಗೆ ಜಮೀನಿದೆ. 90 ಜನ 'ಹೌದು' ಎಂದಿದ್ದಾರೆ. ಎರಡೂ ಸ್ವತಂತ್ರವಾಗಿದ್ದರೆ ಜಮೀನಿದ್ದು 'ಹೌದು' ಎಂದವರು ಎಷ್ಟು? (30)

3. 2011ರಲ್ಲಿ ಕರ್ನಾಟಕದ ಪುರುಷ ಸಾಕ್ಷರತೆ ಶೇ 82.47, ಮಹಿಳಾ ಸಾಕ್ಷರತೆ ಶೇ 68.08. ಪುರುಷರು, ಮಹಿಳೆಯರು ಸಮಸಂಖ್ಯೆಯಲ್ಲಿದ್ದಾರೆಂದು ಇಟ್ಟುಕೊಂಡು ರಾಜ್ಯದ ಸಾಕ್ಷರರ ಪೈಕಿ ಮಹಿಳೆಯರ ಪಾಲು ಕಂಡುಹಿಡಿದು, ಯಾದಗಿರಿಯ ಶೇ 40ರೊಂದಿಗೆ ಹೋಲಿಸಿ. (ಸುಮಾರು ಶೇ 45)

4. ಈ ವಾರದ ಯಾವುದಾದರೂ ದಿನಪತ್ರಿಕೆಯಿಂದ ಶೇಕಡಾವಾರು ಇರುವ ಒಂದು ವಾಕ್ಯ ಬರೆದು ತನ್ನಿ. ಅದು ಯಾರ ಪೈಕಿ ಎಂದು ವಾಕ್ಯದಲ್ಲೇ ಇದೆಯೇ ನೋಡಿ. ಇಲ್ಲದಿದ್ದರೆ ಇರಬಹುದಾದ ಎರಡು ಛೇದಗಳನ್ನು ಬರೆಯಿರಿ.

ಮೂರು ಪ್ರಶ್ನೆಗಳಿಗೆ ಉತ್ತರ ಒಂದೊಂದೇ. ನಾಲ್ಕನೆಯದಕ್ಕೆ ತರಗತಿಯಲ್ಲಿ ಎಷ್ಟು ಜನರೋ ಅಷ್ಟು ಉತ್ತರ ಬಂದವು, ಮೌಲ್ಯಮಾಪನಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಆದರೂ ಒಂದೇ ಪ್ರಶ್ನೆಗೆ ಜಾಗವಿದ್ದರೆ ಅದನ್ನೇ ಉಳಿಸಿಕೊಳ್ಳಿ ಎಂದು ಮಿತ್ರರಲ್ಲಿ ನನ್ನ ಸಲಹೆ. ಸಮೀಕ್ಷೆ ಮಾಡುವವರು ಹೊರಗಿನಿಂದ ಬರುತ್ತಾರೆ, ಕೋಷ್ಟಕ ತುಂಬಿಕೊಂಡು ಹೋಗುತ್ತಾರೆ. ಆ ಕೋಷ್ಟಕದಲ್ಲಿ ತಮ್ಮ ಅವ್ವ ಯಾವ ಚೌಕದಲ್ಲಿದ್ದಾಳೆ, ಇದ್ದಾಳೋ ಇಲ್ಲವೋ ಎಂದು ಕೇಳಬಲ್ಲವರು ಈ ಮಕ್ಕಳೇ.